ಅಪ್‌ಡೇಟ್: ಮಗಳ ಶುಗರ್ ವಿಷಯ, ಶಾಲೆಯವರು ಕೊನೆಗೂ ಒಪ್ಪಿದರು

ಹೋದ ತಿಂಗಳು ಕೇಳಿದ್ದೆ. ನಾಲ್ಕನೇ ಕ್ಲಾಸಿನ ಮಗಳಿಗೆ ಟೈಪ್ 1 ಡಯಾಬಿಟಿಸ್, ಅಂದರೆ ದಿನಾ ಇನ್ಸುಲಿನ್ ತಗೊಳ್ಳಲೇಬೇಕಾದ ಸಕ್ಕರೆ ಕಾಯಿಲೆ. ಕ್ಲಾಸಲ್ಲಿ ತಿನ್ನಬಾರದು, ಸೂಜಿ ತರಬಾರದು ಅಂತ ಇಲ್ಲಿ ವಿಜಯಪುರದ ಶಾಲೆಯವರು ಹಟ ಹಿಡಿದಿದ್ದಾರೆ, ಏನು ಮಾಡಲಿ ಅಂತ.

ನಿಮ್ಮಲ್ಲೊಬ್ಬರು ಹೇಳಿದಂತೆ, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆದ ಪತ್ರದ ಪ್ರಿಂಟ್ ಒಯ್ದೆ. ಡಾಕ್ಟರ್ ಸಲಹೆ ಇದ್ದರೆ ಮಗು ಶಾಲೆಯಲ್ಲೇ ಶುಗರ್ ನೋಡಿಕೊಳ್ಳಬಹುದು, ಇನ್ಸುಲಿನ್ ತಗೋಬಹುದು, ನಡುವೆ ತಿನ್ನಬಹುದು ಅಂತ ಅದರಲ್ಲಿದೆ. ಹೆಡ್‌ಮಾಸ್ಟರ್ ಎರಡು ಸಲ ಓದಿ, 'ಮೊದಲೇ ತರಬಾರದಿತ್ತೇನ್ರೀ' ಅಂದರು! ಮೂರು ಸಲ ಬಾಗಿಲಿಂದಲೇ ವಾಪಸ್ ಕಳಿಸಿದ್ದು ಮರೆತೇ ಹೋಗಿತ್ತು ಅನ್ಸುತ್ತೆ.

ಆದರೆ ಪತ್ರಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದವರು ಪಿಟಿ ಸರ್. 'ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡೋದಾ?' ಅಂತ ಮೊದಲು ಅವರಿಗೂ ಗೊಂದಲ. ಇನ್ಸುಲಿನ್ ತಗೊಳ್ಳೋರಿಗೆ ಶುಗರ್ ಒಮ್ಮೊಮ್ಮೆ ತೀರಾ ಇಳಿದುಬಿಡುತ್ತೆ, ಆಗ ಸಕ್ಕರೆಯೇ ಬೇಕು ಅಂತ ಹೇಳಿದೆ. ಶುಗರ್ 70ಕ್ಕಿಂತ ಕೆಳಗಿಳಿದರೆ 15 ಗ್ರಾಂನಷ್ಟು ಗ್ಲೂಕೋಸ್ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಒಬ್ಬಳನ್ನೇ ಎಲ್ಲಿಗೂ ಕಳಿಸಬೇಡಿ ಅಂತ ಚೀಟಿ ಬರೆದುಕೊಟ್ಟೆ. ಅದನ್ನ ಸೀಟಿಯ ದಾರಕ್ಕೇ ಕಟ್ಟಿಕೊಂಡಿದ್ದಾರೆ.

ಮೊನ್ನೆ ಗುರುವಾರ ಖೊಖೊ ಆಡುವಾಗ ಇವಳು ಸುಮ್ನೆ ಕೂತುಬಿಟ್ಟಳಂತೆ. ಹಣೆ ತುಂಬಾ ಬೆವರು, ಕೈ ನಡುಕ. ಮೀಟರ್ 58 ತೋರಿಸಿತು. ಗ್ಲೂಕೋಸ್ ಕುಡಿಸಿ ಕಾದರು, 84ಕ್ಕೆ ಬಂತು. ಆಮೇಲೆ ಅರ್ಧ ಚಪಾತಿ ತಿಂದಳು. 'ನನಗಿಂತ ಸರ್ ಕೈಯೇ ಜಾಸ್ತಿ ನಡುಗ್ತಿತ್ತು' ಅಂತ ಮನೆಗೆ ಬಂದು ನಗ್ತಾಳೆ.

ಇನ್ಸುಲಿನ್ ಪೆನ್ ಸ್ಟಾಫ್ ರೂಮಿನ ಮಣ್ಣಿನ ಮಡಕೆಯಲ್ಲಿದೆ, ಪ್ಲಾಸ್ಟಿಕ್ ಡಬ್ಬಿಯೊಳಗೆ. ನಮ್ಮೂರ ಬೇಸಿಗೆ ಗೊತ್ತಲ್ಲ. ಬಾದಾಮಿ ಪ್ರವಾಸಕ್ಕೆ ಮಾತ್ರ ನಾನೂ ಬರಬೇಕಂತೆ. ಬಸ್ಸಿನ ಹಿಂದಿನ ಸೀಟು ಕೊಟ್ಟಿದ್ದಾರೆ.