ಅಜ್ಜಿ ಬೇಕಂತ ಮಾಡ್ತಿಲ್ಲ ಚಿಕ್ಕಮ್ಮ

ಚಿಕ್ಕಮ್ಮ, ಈಗ ತಾನೇ ಬಸ್ಸಿಂದ ಇಳಿದು ನಿಮ್ಮ ಮೆಸೇಜ್ ಕೇಳಿದೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ. "ಅರವತ್ತು ವರ್ಷದ ಹಿಂದೆ ಮದುವೇಲಿ ಯಾರ್ಯಾರು ಎಷ್ಟೆಷ್ಟು ಮುಯ್ಯಿ ಮಾಡಿದ್ರು ಅಂತ ಹೇಳ್ತಾರೆ, ಬೆಳಗ್ಗೆ ತಿಂಡಿ ತಿಂದಿದ್ದು ಮಾತ್ರ ನೆನಪಿಲ್ವಂತೆ, ಬೇಕಂತಲೇ ಮಾಡ್ತಾರೆ" ಅಂದ್ರಲ್ಲ. ದಿನಾ ಜೊತೇಲಿದ್ದು ನೋಡ್ಕೊಳ್ಳೋರು ನೀವು, ಎಷ್ಟು ಸುಸ್ತಾಗಿದೀರ ಅಂತ ದನಿಯಲ್ಲೇ ಗೊತ್ತಾಯ್ತು. ಆದ್ರೆ ಅಜ್ಜಿ ಬೇಕಂತ ಮಾಡ್ತಿಲ್ಲ.

ಮೆದುಳೊಳಗೆ ಎರಡೂ ಕಡೆ ಹಿಪ್ಪೋಕ್ಯಾಂಪಸ್ ಅಂತ ಪುಟ್ಟ ಭಾಗ ಇದೆ. ಇವತ್ತು ನಡೆದಿದ್ದು ನಾಳೆಗೆ ಉಳೀಬೇಕು ಅಂದ್ರೆ ಅದು ಸರಿಯಾಗಿರಬೇಕು. ಹಳೇ ನೆನಪುಗಳು ವರ್ಷಗಟ್ಟಲೆ ಮೆಲುಕು ಹಾಕಿ ಹಾಕಿ ಮೆದುಳಿನ ಹೊರಪದರದಲ್ಲೆಲ್ಲ ಬೇರು ಬಿಟ್ಟಿರುತ್ವೆ. ಅದಕ್ಕೇ ಮುಯ್ಯಿ ಲೆಕ್ಕ ಇದೆ, ಉಪ್ಪಿಟ್ಟು ಇಲ್ಲ.

ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಅಂತ ಒಬ್ರಿದ್ರು. ಮೂರ್ಛೆರೋಗ ನಿಲ್ಲಲಿ ಅಂತ 1953ರಲ್ಲಿ, ಅವರಿಗೆ 27 ವರ್ಷ ಇದ್ದಾಗ, ಆಪರೇಷನ್ ಮಾಡಿ ಎರಡೂ ಕಡೆ ಆ ಹಿಪ್ಪೋಕ್ಯಾಂಪಸ್‌ನ ದೊಡ್ಡ ಪಾಲೇ ತೆಗೆದುಬಿಟ್ರು. ಫಿಟ್ಸ್ ಕಮ್ಮಿ ಆಯ್ತು. ಆದ್ರೆ 2008ರಲ್ಲಿ ತೀರಿಕೊಳ್ಳೋವರೆಗೂ, ಈಗ ಮಾತಾಡಿಸಿ ಹೋದೋರು ಮತ್ತೆ ಬಂದ್ರೆ ಅವರಿಗೆ ಹೊಸಬರೇ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವರ ಕೈಲಿ ಕನ್ನಡಿ ನೋಡ್ಕೊಂಡು ನಕ್ಷತ್ರದ ಗೆರೆ ಎಳೆಸಿದ್ರು. ಮೂರು ದಿನದಲ್ಲಿ ಕೈ ಚೆನ್ನಾಗಿ ಪಳಗ್ತು, ಆದ್ರೆ ಹಿಂದಿನ ದಿನ ಮಾಡಿದ್ದು ಅನ್ನೋ ನೆನಪೇ ಇಲ್ಲ! ಕೈಯ ನೆನಪಿನ ದಾರಿಯೇ ಬೇರೆ ಅಂತ ಅವಾಗ ಗೊತ್ತಾಗಿದ್ದು.

ಇದನ್ನ ನಾನು ಕಣ್ಣಾರೆ ನೋಡಿದೀನಿ ಚಿಕ್ಕಮ್ಮ. ಹಬ್ಬದ ದಿನ ಅಜ್ಜಿ ಮುಂದೆ ಮೊಗ್ಗಿನ ಬುಟ್ಟಿ ಇಟ್ಟೆ. ಬಾಳೆನಾರಿನ ತುದಿ ಕಾಲ್ಬೆರಳಿಗೆ ಸಿಕ್ಕಿಸ್ಕೊಂಡು, ಈ ಕಡೆ ಎರಡು ಆ ಕಡೆ ಎರಡು ಮೊಗ್ಗು ಜೋಡಿಸಿ, ಸರಕ್ಕನೆ ಗಂಟು. ನೋಡ್ತಿರೋ ಹಾಗೇ ಒಂದು ಮಾರು ಆಯ್ತು. ಮಧ್ಯದಲ್ಲಿ ಮೂರು ಸಲ "ಇವತ್ತು ಏನು ಹಬ್ಬ ಮಗಾ" ಅಂದ್ರು, ಬೆರಳು ಮಾತ್ರ ನಿಲ್ಲಲಿಲ್ಲ.

ದಯವಿಟ್ಟು "ಆಗ್ಲೇ ಹೇಳಿದ್ನಲ್ಲ, ನೆನಪಿಲ್ವಾ" ಅಂತ ಮಾತ್ರ ಕೇಳ್ಬೇಡಿ. ಬೈದ ಮಾತು ಮರೆತು ಹೋಗುತ್ತೆ, ಅದರ ಬೇಜಾರು ಹೋಗಲ್ಲ. ಯಾಕೆ ಅಂತ ಗೊತ್ತಿಲ್ಲದೇ ಸಂಜೆವರೆಗೂ ಮುಖ ಸಪ್ಪಗೆ ಇಟ್ಕೊಂಡಿರ್ತಾರೆ.

ಕಾಯಿಲೆ ಏನು ಅಂತ ಡಾಕ್ಟರೇ ಹೇಳ್ಬೇಕು. ಬಿ12 ಕಮ್ಮಿ ಆದ್ರೂ, ಥೈರಾಯ್ಡ್ ಏರುಪೇರಾದ್ರೂ ಮರೆವು ಬರುತ್ತೆ, ಅದಕ್ಕೆ ಔಷಧಿ ಇದೆ. "ವಯಸ್ಸಾಯ್ತು, ಇನ್ನೇನು" ಅಂತ ಬಿಡೋದು ಬೇಡ. ಮೊದಲು ರಕ್ತ ಪರೀಕ್ಷೆ ಮಾಡಿಸೋಣ, ಆಮೇಲೆ ನಿಮ್ಹಾನ್ಸ್‌ಗೆ ನಾನೇ ಕರ್ಕೊಂಡು ಹೋಗ್ತೀನಿ. ಬೀರುವಲ್ಲಿ ಬಿದ್ದಿರೋ ಕಿವಿ ಮಷಿನ್‌ಗೂ ಸೆಲ್ ಹಾಕ್ಸಿ. ಮರೆವಿನ ಕಾಯಿಲೆ ಬಗ್ಗೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದೀಲಿ, ನಾವು ತಡೆಯೋಕೆ ಸಾಧ್ಯ ಇರೋ 14 ಅಪಾಯ ಹೇಳಿದಾರೆ. ಬಿಪಿ, ಶುಗರ್ ಜೊತೆಗೆ ಕಿವಿ ಕೇಳಿಸದೇ ಇರೋದೂ ಅದರಲ್ಲಿದೆ.

ಶನಿವಾರ ಬೆಳಗ್ಗೆನೇ ಬರ್ತೀನಿ. ಅವತ್ತು ಅಜ್ಜಿ ಜೊತೆ ನಾನಿರ್ತೀನಿ, ನೀವು ಮಧ್ಯಾಹ್ನ ಕದ ಹಾಕ್ಕೊಂಡು ಮಲಗಿ. ಬಿಡಿ ಮೊಗ್ಗು ನಾನು ತರ್ತೀನಿ, ಬಾಳೆನಾರು ಮನೇಲಿದ್ರೆ ನೀರಲ್ಲಿ ನೆನೆ ಹಾಕಿಡಿ.