ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದ ಮುಖ್ಯಸ್ಥರಿಗೆ ಲೆಕ್ಕಪತ್ರದ ಜ್ಞಾನವೊಂದೇ ಸಾಕೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವ ನನಗೆ ಬಿಲ್ಲಿಂಗ್ ಮತ್ತು ವಿಮಾ ಕ್ಲೇಮುಗಳ ಹೊಣೆಯನ್ನೂ ವಹಿಸುವ ಪ್ರಸ್ತಾಪ ಬಂದಿದೆ. ಖಾತೆಗಳನ್ನು ತಾಳೆ ನೋಡುವುದು, ಲೆಕ್ಕಪರಿಶೋಧನೆಗೆ ಸಿದ್ಧಪಡಿಸುವುದು ನನಗೆ ರೂಢಿಯಿದೆ; ವೈದ್ಯರು ಮತ್ತು ದಾದಿಯರ ಜೊತೆ ನೇರವಾಗಿ ವ್ಯವಹರಿಸಿದ ಅನುಭವವಿಲ್ಲ. ಯಾವ ಕೌಶಲವನ್ನು ಮೊದಲು ಕಲಿಯಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಬಿಲ್ಲು ಸಿದ್ಧವಾಗುವುದು ನಿಮ್ಮ ವಿಭಾಗದಲ್ಲಾದರೂ ಅದರ ತಪ್ಪುಗಳು ಹುಟ್ಟುವುದು ಬಹುಪಾಲು ಬೇರೆಡೆ. ದಾಖಲಾತಿಯ ಸಮಯದಲ್ಲಿ ಪಾಲಿಸಿ ಸಂಖ್ಯೆಯನ್ನು ತಪ್ಪಾಗಿ ಬರೆದುಕೊಂಡಿರುತ್ತಾರೆ. ಯೋಜಿತ ಶಸ್ತ್ರಚಿಕಿತ್ಸೆಗೆ ವಿಮಾ ಕಂಪನಿಯ ಪೂರ್ವಾನುಮತಿ ಪಡೆದಿರುವುದಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಳಸಿದ ಇಂಪ್ಲಾಂಟ್ (ದೇಹದೊಳಗೆ ಅಳವಡಿಸುವ ಸಾಧನ) ದಾಖಲೆಗೇ ಬಂದಿರುವುದಿಲ್ಲ. ಡಿಸ್ಚಾರ್ಜ್ ಸಾರಾಂಶದಲ್ಲಿ ರೋಗನಿರ್ಣಯವನ್ನು ಎಷ್ಟು ಅಸ್ಪಷ್ಟವಾಗಿ ಬರೆದಿರುತ್ತಾರೆಂದರೆ, ಕೋಡಿಂಗ್ ಮಾಡುವವರು, ಅಂದರೆ ರೋಗಕ್ಕೂ ಚಿಕಿತ್ಸೆಗೂ ನಿಗದಿತ ಸಂಕೇತ ಕೊಡುವವರು, ಊಹೆಯ ಮೇಲೆ ಸಂಕೇತ ಹಾಕಬೇಕಾಗುತ್ತದೆ. ವಾರಗಳ ನಂತರ ಕ್ಲೇಮು ತಿರಸ್ಕೃತವಾಗಿ ಮರಳಿದಾಗ ಎಲ್ಲರೂ ಬಿಲ್ಲಿಂಗ್ ವಿಭಾಗದತ್ತಲೇ ನೋಡುತ್ತಾರೆ. ಆದ್ದರಿಂದ, ತಿರಸ್ಕೃತ ಕ್ಲೇಮನ್ನು ತಿದ್ದಿ ಮತ್ತೆ ಕಳುಹಿಸಿ ಸುಮ್ಮನಾಗದೆ, ಆ ತಪ್ಪು ಹುಟ್ಟಿದ ಮೇಜಿನವರೆಗೆ ಹಿಂದಕ್ಕೆ ನಡೆದು ಹೋಗುವ ಅಭ್ಯಾಸವನ್ನೇ ಮೊದಲು ಬೆಳೆಸಿಕೊಳ್ಳಿ.

ಅಲ್ಲಿ ಮಾತನಾಡುವ ರೀತಿಯೂ ಮುಖ್ಯ. ವೈದ್ಯರ ಮುಂದೆ ಕಳೆದುಕೊಂಡ ಹಣದ ಮೊತ್ತವನ್ನಿಟ್ಟರೆ ಕೆಲಸ ಸಾಗುವುದು ಕಡಿಮೆ. ಅವರದೇ ರೋಗಿಯ ಕಡತವನ್ನು ತೆರೆದು, ಕೊಟ್ಟ ಚಿಕಿತ್ಸೆಗೂ ಬರೆದ ದಾಖಲೆಗೂ ಇರುವ ಅಂತರವನ್ನು ತೋರಿಸಿದರೆ ಅವರು ಗಮನಿಸುತ್ತಾರೆ. ಅಪೂರ್ಣ ದಾಖಲೆ ಮುಂದಿನ ಚಿಕಿತ್ಸೆಗೂ ತೊಡಕೆಂಬುದು ಅವರಿಗೆ ಗೊತ್ತಿರುತ್ತದೆ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಅಂಕಿಗಳನ್ನು ಓದುವ ಕೌಶಲವನ್ನು ಕಡೆಗಣಿಸಬೇಡಿ. ದಿನದ ಸರಾಸರಿ ಆದಾಯ 10 ಲಕ್ಷ, ಬರಬೇಕಾದ ಬಾಕಿ 6 ಕೋಟಿ ಇದ್ದರೆ, 60 ದಿನಗಳ ಆದಾಯ ಹೊರಗೆ ಉಳಿದಿದೆ ಎಂದರ್ಥ. ಈ ಸರಾಸರಿಯೊಂದನ್ನೇ ನೋಡುತ್ತಾ ಕುಳಿತರೆ ಮೋಸಹೋಗುತ್ತೀರಿ, ಏಕೆಂದರೆ ಹೊಸ ಬಿಲ್ಲುಗಳು ಬೇಗ ಪಾವತಿಯಾಗುತ್ತಿರುವಾಗಲೂ 90 ದಿನ ದಾಟಿದ ಹಳೆಯ ಬಾಕಿ ಒಳಗೊಳಗೇ ಬೆಳೆಯುತ್ತಿರಬಹುದು. ಬಾಕಿಯನ್ನು ಅದು ಎಷ್ಟು ದಿನ ಹಳೆಯದು ಎಂಬುದರ ಪ್ರಕಾರವೂ ಪಾವತಿದಾರರ (ವಿಮಾ ಕಂಪನಿಯಂತಹ, ಬಿಲ್ಲಿನ ಹಣ ಕೊಡುವವರ) ಪ್ರಕಾರವೂ ಬೇರ್ಪಡಿಸಿ ನೋಡಿ. ಪೂರ್ತಿ ತಿರಸ್ಕೃತವಾದ ಕ್ಲೇಮು ಕಣ್ಣಿಗೆ ಬೀಳುತ್ತದೆ. ಪಾವತಿದಾರರೊಂದಿಗಿನ ಒಪ್ಪಂದದ ದರಕ್ಕಿಂತ ಸ್ವಲ್ಪ ಕಡಿಮೆ ಬಂದ ಪಾವತಿ ಬೀಳುವುದಿಲ್ಲ. ಅದನ್ನು ಹಿಡಿಯಲು ಮುಖ್ಯಸ್ಥರೇ ಒಪ್ಪಂದವನ್ನು ಸಾಲುಸಾಲಾಗಿ ಓದಿರಬೇಕು.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ರೋಗಸಂಕೇತಗಳನ್ನು ನಾನೇ ಕಲಿಯಬೇಕೇ, ಅಥವಾ ಪರಿಣತರಿಗೆ ಬಿಡಬಹುದೇ?

ಉತ್ತರ 3:
ಕೋಡಿಂಗ್ ಅನ್ನು ಪರಿಣತರಿಗೆ ಬಿಡಿ. ಅದರ ತರ್ಕವನ್ನು ಮಾತ್ರ ನೀವು ತಿಳಿದಿರಲೇಬೇಕು. ಈ ಸಂಕೇತಗಳ ಪಟ್ಟಿಯಾದ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿದೆ, ಆದರೂ ಅನೇಕ ಕಡೆ 10ನೆಯದೇ ಬಳಕೆಯಲ್ಲಿದೆ. ನಿಮ್ಮ ಪಾವತಿದಾರರು ಯಾವುದನ್ನು ಕೇಳುತ್ತಾರೆ, ಬದಲಾವಣೆ ಬಂದರೆ ತಂತ್ರಾಂಶಕ್ಕೂ ಸಿಬ್ಬಂದಿಯ ತರಬೇತಿಗೂ ಎಷ್ಟು ಕಾಲ ಬೇಕು ಎಂಬ ಅಂದಾಜು ಮುಖ್ಯಸ್ಥರಲ್ಲಿರಬೇಕು.

ತರ್ಕ ತಿಳಿದಿರಬೇಕೆನ್ನಲು ಇನ್ನೂ ಗಂಭೀರವಾದ ಕಾರಣವಿದೆ. ರೋಗದ ಗುಂಪಿಗೆ ಅನುಗುಣವಾಗಿ ನಿಗದಿತ ಮೊತ್ತ ಕೊಡುವ ಪದ್ಧತಿಯಲ್ಲಿ, ಹೆಚ್ಚು ತೀವ್ರವಾದ ರೋಗದ ಸಂಕೇತ ಹಾಕಿದರೆ ಹೆಚ್ಚು ಹಣ ಬರುತ್ತದೆ. ಆದಾಯದ ಗುರಿಯ ಒತ್ತಡ ಸಿಬ್ಬಂದಿಯ ಮೇಲೆ ಬಿದ್ದಾಗ ದಾಖಲೆಯಲ್ಲಿಲ್ಲದ ತೀವ್ರತೆ ಬಿಲ್ಲಿನಲ್ಲಿ ಕಾಣಿಸಿಕೊಳ್ಳುವ ಅಪಾಯವಿದೆ. ಅದು ವಂಚನೆ. ದಾಖಲೆ ಬೆಂಬಲಿಸದ ಸಂಕೇತವನ್ನು ಹಾಕಲಾರೆ ಎನ್ನುವ ಸಿಬ್ಬಂದಿಯ ಬೆನ್ನಿಗೆ ನಿಲ್ಲುವ ಧೈರ್ಯ ನಿಮಗಿಲ್ಲದಿದ್ದರೆ ಉಳಿದ ಕೌಶಲಗಳಿಂದ ಪ್ರಯೋಜನ ಕಡಿಮೆ ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 4:
ರೋಗಿಯ ಕಡೆಯಿಂದಲೂ ಒಂದು ಮಾತು ಹೇಳಬೇಕಾಗಿದೆ. ವಿಮೆ ಭರಿಸದ ಭಾಗ ಎಷ್ಟೆಂಬುದನ್ನು ಕುಟುಂಬಕ್ಕೆ ಚಿಕಿತ್ಸೆಗೆ ಮೊದಲೇ ತಿಳಿಸುವ, ಅಂದಾಜು ಬದಲಾದ ದಿನವೇ ಮತ್ತೆ ತಿಳಿಸುವ ವ್ಯವಸ್ಥೆಯನ್ನು ಕಟ್ಟುವುದೂ ಮುಖ್ಯಸ್ಥರ ಕೆಲಸ. ಬಿಡುಗಡೆಯ ದಿನ ಕೌಂಟರಿನಲ್ಲಿ ಮೊದಲ ಬಾರಿ ದೊಡ್ಡ ಮೊತ್ತವನ್ನು ಕೇಳಿದವರ ಸಂಕಟವನ್ನು ಎದುರಿಸುವವರು ಅತ್ಯಂತ ಕಿರಿಯ ಸಿಬ್ಬಂದಿ. ಹೊಣೆ ವಹಿಸಿಕೊಂಡ ಮೊದಲ ವಾರಗಳಲ್ಲಿ ಆ ಕೌಂಟರಿನ ಹಿಂದೆ ಕುಳಿತು ಕೆಲಸ ನೋಡಿ, ಬಳಿಕ ದಾಖಲಾತಿ ವಿಭಾಗದಲ್ಲೂ ಅಷ್ಟೇ ಹೊತ್ತು ಕುಳಿತುಕೊಳ್ಳಿ.