ಇಸಾಬೆಲ್ಲಾ ರೊಸೆಲಿನಿ: ಮೊದಲು ನಟಿಯೋ, ರೂಪದರ್ಶಿಯೋ?

ಪ್ರಶ್ನೆ:
ರೂಪದರ್ಶಿಗಳು ಚಿತ್ರರಂಗಕ್ಕೆ ಬರುವುದು ನಮಗೆ ಹೊಸದಲ್ಲ. ಇಸಾಬೆಲ್ಲಾ ರೊಸೆಲಿನಿಯವರ ಹೆಸರನ್ನೂ ಹಲವರು ಆ ಸಾಲಿಗೇ ಸೇರಿಸುತ್ತಾರೆ. ಆದರೆ ಅವರು 1976ರಲ್ಲೇ, ತಾಯಿ ಇಂಗ್ರಿಡ್ ಬರ್ಗ್‌ಮನ್ ನಟಿಸಿದ್ದ 'ಎ ಮ್ಯಾಟರ್ ಆಫ್ ಟೈಮ್' ಚಿತ್ರದಲ್ಲಿ ಕ್ರೈಸ್ತ ಸನ್ಯಾಸಿನಿಯ ಸಣ್ಣ ಪಾತ್ರ ಮಾಡಿದ್ದರು. 1979ರಲ್ಲಿ ಇಟಲಿಯ ನಿರ್ದೇಶಕರಾದ ತವಿಯಾನಿ ಸಹೋದರರ 'ಇಲ್ ಪ್ರಾತೋ' ಚಿತ್ರದಲ್ಲಿ ನಟಿಸಿದರು. ಹಾಗಿದ್ದ ಮೇಲೆ ಅವರನ್ನು ನಟನೆಯಿಂದ ಮಾಡೆಲಿಂಗ್‌ಗೆ ಹೋದವರೆಂದು ಕರೆಯುವುದು ಸರಿಯಲ್ಲವೇ? ಬಲ್ಲವರು ತಿಳಿಸಬೇಕು.

ಉತ್ತರ 1:
ಕಾಲಕ್ರಮ ನೋಡಿದರೆ ನೀವು ಹೇಳುವುದು ಸರಿ. ಅವರು ಹುಟ್ಟಿದ್ದು 1952ರಲ್ಲಿ, ರೋಮ್‌ನಲ್ಲಿ. 1957ರಲ್ಲಿ ಭಾರತದಲ್ಲಿ ಚಿತ್ರೀಕರಣ ನಡೆಸಿದ ಇಟಲಿಯ ನಿರ್ದೇಶಕ ರಾಬರ್ತೋ ರೊಸೆಲಿನಿ ಅವರ ತಂದೆ. ಬಾಲ್ಯದಲ್ಲಿ ಬೆನ್ನುಮೂಳೆ ಓರೆಯಾಗಿ, ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾಗಿ, ದೀರ್ಘಕಾಲ ಪ್ಲಾಸ್ಟರ್ ಕವಚದೊಳಗೆ ಕಳೆದ ಹುಡುಗಿ ಮುಂದೆ ದೇಹಭಂಗಿಯನ್ನೇ ನೆಚ್ಚಿದ ವೃತ್ತಿಗೆ ಬಂದರೆಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಛಾಯಾಗ್ರಾಹಕ ಬ್ರೂಸ್ ವೆಬರ್ ಅವರು ಬ್ರಿಟಿಷ್ 'ವೋಗ್' ಎಂಬ ಫ್ಯಾಷನ್ ಪತ್ರಿಕೆಗಾಗಿ ಫೋಟೋ ತೆಗೆದಾಗ ಇಸಾಬೆಲ್ಲಾಗೆ 28 ವರ್ಷ. ಅನೇಕರು ಆ ವೃತ್ತಿಯನ್ನು ಬಿಡುವ ವಯಸ್ಸಿನಲ್ಲಿ ಅವರು ಅದನ್ನು ಆರಂಭಿಸಿದರು. 1982ರಲ್ಲಿ ಫ್ರಾನ್ಸಿನ ಪ್ರಸಾಧನ ಸಂಸ್ಥೆ ಲ್ಯಾಂಕೋಮ್‌ನ ಮುಖವಾದರು.

ಉತ್ತರ 2:
ಮೇಲಿನ ಉತ್ತರಕ್ಕೆ ಒಂದು ತಿದ್ದುಪಡಿ ಬೇಕು. ಮಾಡೆಲಿಂಗ್‌ಗೆ ಬರುವ ಮೊದಲು ಅವರಿಗೆ ಅನ್ನ ಕೊಡುತ್ತಿದ್ದುದು ನಟನೆಯಲ್ಲ, ಪತ್ರಿಕಾವೃತ್ತಿ. ನ್ಯೂಯಾರ್ಕಿನಿಂದ ಇಟಲಿಯ ಸರ್ಕಾರಿ ದೂರದರ್ಶನ ರಾಯ್‌ಗೆ ವರದಿ ಮಾಡುತ್ತಿದ್ದರು. ಜಗತ್ತು ಅವರನ್ನು ನಟಿಯೆಂದು ಗುರುತಿಸಿದ್ದು 1986ರ 'ಬ್ಲೂ ವೆಲ್ವೆಟ್' ಬಂದ ಮೇಲೆಯೇ. ಡೇವಿಡ್ ಲಿಂಚ್ ನಿರ್ದೇಶಿಸಿದ ಆ ಚಿತ್ರದಲ್ಲಿ ಅವರನ್ನು ನಡೆಸಿಕೊಂಡ ಬಗೆಯನ್ನು ರಾಜರ್ ಈಬರ್ಟ್ ಅವರಂಥ ವಿಮರ್ಶಕರು ಕಟುವಾಗಿ ಖಂಡಿಸಿದರು. ಅದು ತಾನು ತಿಳಿದೇ ಒಪ್ಪಿಕೊಂಡ ಪಾತ್ರವೆಂಬುದು ಇಸಾಬೆಲ್ಲಾ ಅವರ ನಿಲುವು, ಮತ್ತು ಈ ವಿಷಯದಲ್ಲಿ ನಾನು ಅವರ ಮಾತನ್ನೇ ನಂಬುತ್ತೇನೆ. ಜಾಹೀರಾತಿನಲ್ಲಿ ಒಂದು ಕಲೆಯೂ ಇಲ್ಲದ ಮುಖವನ್ನು ತೋರಿಸುತ್ತಿದ್ದ ಕಾಲದಲ್ಲೇ, ಅದೇ ಮುಖವನ್ನು ಭಯದಲ್ಲಿ, ಅವಮಾನದಲ್ಲಿ ಕುಸಿಯಲು ಬಿಟ್ಟುಕೊಡುವುದಕ್ಕೆ ಎಂಥ ಧೈರ್ಯ ಬೇಕೆಂದು ಯೋಚಿಸಿ. ಆದ್ದರಿಂದ ಎರಡು ವೃತ್ತಿಗಳು ಒಂದರ ಹಿಂದೆ ಒಂದು ಬಂದವು ಎನ್ನುವುದಕ್ಕಿಂತ ಒಂದರೊಳಗೊಂದು ಹೆಣೆದುಕೊಂಡವು ಎನ್ನುವುದೇ ಸೂಕ್ತ. ಮಾಡೆಲಿಂಗ್ ಮೂಕಿ ಚಿತ್ರದ ಅಭಿನಯವಿದ್ದಂತೆ ಎಂಬ ಅರ್ಥದ ಮಾತನ್ನು ಅವರೂ ಆಡಿದ್ದಾರೆ.

ಉತ್ತರ 3:
ಲ್ಯಾಂಕೋಮ್ ಪ್ರಕರಣದ ಉಳಿದ ಭಾಗವನ್ನೂ ಹೇಳಬೇಕು. 14 ವರ್ಷಗಳ ನಂತರ, ಅವರು ನಲವತ್ತು ದಾಟಿದ್ದಾಗ, ಸಂಸ್ಥೆ ಅವರನ್ನು ಕೈಬಿಟ್ಟಿತು. ಜಾಹೀರಾತು ಮಾರುವುದು ಕನಸನ್ನು, ಹೆಂಗಸರ ಕನಸು ಯೌವನ ಎಂಬ ಕಾರಣವನ್ನು ತಮಗೆ ಕೊಡಲಾಯಿತೆಂದು ಇಸಾಬೆಲ್ಲಾ ಹೇಳಿಕೊಂಡಿದ್ದಾರೆ. ಕ್ರೀಮ್, ಪೌಡರ್‌ಗಳನ್ನು ಕೊಳ್ಳುವವರಲ್ಲಿ ನಲವತ್ತು ದಾಟಿದ ಹೆಂಗಸರೇ ಇಲ್ಲವೇನೋ ಎಂಬಂತಿದ್ದ ಈ ತರ್ಕ ಅನ್ಯಾಯದ್ದು. 2016ರಲ್ಲಿ ಅದೇ ಸಂಸ್ಥೆ ಅವರನ್ನು ಮತ್ತೆ ಕರೆಯಿತು. ನಡುವಿನ ಕಾಲವನ್ನು ಅವರು ಕೊರಗುತ್ತ ಕಳೆಯಲಿಲ್ಲ: 2008ರಲ್ಲಿ, ಕೀಟ ಹಾಗೂ ಕಡಲಜೀವಿಗಳ ಸಂತಾನಕ್ರಿಯೆಯ ಬಗ್ಗೆ ತಾವೇ ಕಾಗದದ ವೇಷ ತೊಟ್ಟು ಅಭಿನಯಿಸಿದ 'ಗ್ರೀನ್ ಪೋರ್ನೋ' ಎಂಬ ಕಿರುಚಿತ್ರಮಾಲೆ ತಂದರು, ಪ್ರಾಣಿಗಳ ವರ್ತನೆಯನ್ನು ಓದತೊಡಗಿ ಮುಂದೆ ಅದರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು, ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಕೋಳಿ, ಕುರಿ ಸಾಕುವ ಫಾರ್ಮ್ ಕಟ್ಟಿದರು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ವಂದನೆಗಳು. ಮೂಕಿ ಚಿತ್ರದ ಮಾತು ಓದಿದೊಡನೆ ನನಗೆ ಹೊಸ ಪೋಪ್ ಆಯ್ಕೆಯ ಕಥೆಯುಳ್ಳ 2024ರ 'ಕಾಂಕ್ಲೇವ್' ಚಿತ್ರ ನೆನಪಾಯಿತು. ಅದರಲ್ಲೂ ಅವರದು ಸನ್ಯಾಸಿನಿಯ ಪಾತ್ರವೇ, ಸಿಸ್ಟರ್ ಆಗ್ನೆಸ್; ಮಾತು ಬಹಳ ಕಡಿಮೆ, ಇಡೀ ಚಿತ್ರದಲ್ಲಿ ಅವರು ಕಾಣುವುದೂ ಕೆಲವೇ ನಿಮಿಷ. ಅಷ್ಟಕ್ಕೇ, 72ನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಆಸ್ಕರ್ ನಾಮನಿರ್ದೇಶನ ಬಂತು. ಪೋಪ್‌ರನ್ನು ಆರಿಸುವ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳ ನಡುವೆ ಬಾಯಿ ಮುಚ್ಚಿ ನಿಂತು ಎಲ್ಲವನ್ನೂ ಗಮನಿಸುವ ಆ ಮುಖವನ್ನು ಈ ಚರ್ಚೆಯ ಬೆಳಕಿನಲ್ಲಿ ಇನ್ನೊಮ್ಮೆ ನೋಡಬೇಕೆನಿಸಿದೆ.